ಟವೆಲ್ ಕೊಡವಿ ಎದ್ದವರು

ನನ್ನ ಷಡ್ಡಕರ ಎಡಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಟವೆಲ್ ಇರುತ್ತಿತ್ತು. ಹಸಿರು ಅಂಚು, ಅಂಗೈ ಅಗಲದ ಮಡಿಕೆ, ಮುಟ್ಟಿದರೆ ಹೊಸ ಕಾಗದದಂತೆ ಸದ್ದು ಮಾಡುವಷ್ಟು ಗಂಜಿ. ಅದರಲ್ಲಿ ಅವರು ಮುಖ ಒರೆಸಿಕೊಂಡದ್ದನ್ನು ನಾನು ನೋಡಿಲ್ಲ. ಮುಖ ಒರೆಸಲು ಜೇಬಿನಲ್ಲಿ ಬೇರೆ ಕರ್ಚೀಫು ಇತ್ತು. ಟವೆಲ್ ಇದ್ದದ್ದು ಕೊಡವಲಿಕ್ಕೆ. ಸಂಗೀತ ಕಾರ್ಯಕ್ರಮ ನಡೆಯುತ್ತಿರುವಾಗ, ಮುಂದಿನ ಸಾಲಿನಲ್ಲಿ ಕೂತವರು ಇದ್ದಕ್ಕಿದ್ದಂತೆ ಅದನ್ನು ಹೆಗಲಿಂದ ಎಳೆದು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಕೊಡವುತ್ತಿದ್ದರು. ಪಟ್ ಎಂದು ಸದ್ದಾಗುತ್ತಿತ್ತು. ಆಮೇಲೆ ಅದನ್ನು ಮತ್ತೆ ಹೆಗಲಿಗೆ ಎಸೆದುಕೊಂಡು, ಚಪ್ಪಲಿ ಮೆಟ್ಟಿ, ವೇದಿಕೆಗೆ ಬೆನ್ನು ಹಾಕಿ ಹೊರಟುಬಿಡುತ್ತಿದ್ದರು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ಹಾಡುಗಾರರಿಗೆ, ವಾದ್ಯದವರಿಗೆ ಆ ಸದ್ದಿನ ಪರಿಚಯ ಚೆನ್ನಾಗಿಯೇ ಇತ್ತು.

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹಲಗೂರಿನ ಹತ್ತಿರ ಕಬ್ಬು, ಬತ್ತ ಬೆಳೆಯುತ್ತಿದ್ದವರು. ನಾನು ಮಂಡ್ಯದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದ ಪ್ಯಾಂಟು ಶರಟಿನ ಮನುಷ್ಯ. ನನ್ನ ಹೆಗಲ ಮೇಲೆ ಎಂದೂ ಟವೆಲ್ ಇರಲಿಲ್ಲ. ಅವರ ಲೆಕ್ಕದಲ್ಲಿ ಅದು ಅರ್ಧ ಬಟ್ಟೆ ಹಾಕಿಕೊಂಡು ಬೀದಿಗೆ ಬಂದ ಹಾಗೆ. "ಇವ್ರು ನಮ್ಮ ಬೋಳೆಗಲ ಮೇಷ್ಟ್ರು" ಅಂತಲೇ ನೆಂಟರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಿದ್ದರು.

ಟವೆಲ್ಲಿನ ಸದ್ದನ್ನು ನಾನು ಮೊದಲು ಕೇಳಿದ್ದು ನನ್ನದೇ ಮದುವೆಯ ಆರತಕ್ಷತೆಯಲ್ಲಿ. ಮದ್ದೂರಿನ ಒಂದು ಛತ್ರ. ನನ್ನ ಗೆಳೆಯರು ಹಟ ಹಿಡಿದು ಆರ್ಕೆಸ್ಟ್ರಾ ಕರೆಸಿದ್ದರು. ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಕನ್ನಡಕ ಹಾಕಿಕೊಂಡ ಗಾಯಕ ಬಂದು ಸಿನಿಮಾ ಹಾಡೊಂದನ್ನು ಎತ್ತಿಕೊಂಡ. ಪಲ್ಲವಿ ಬಂತು, ಚರಣ ಬರಲಿಲ್ಲ. ಮರೆತುಹೋಗಿತ್ತು. ಮರೆತೆ ಎನ್ನುವ ಬದಲು ಮೈಕನ್ನು ಜನರ ಕಡೆ ಚಾಚಿ "ಈಗ ಎಲ್ಲರೂ ನನ್ನ ಜೊತೆ!" ಎಂದು ಕೂಗಿದ. ಜನ ಖುಷಿಯಾಗಿ ಹಾಡಿದರು. ಅವರಿಗೂ ಸಾಹಿತ್ಯ ಗೊತ್ತಿರಲಿಲ್ಲ, ಲಾಲಲಾ ಎಂದರು. ಆಗ ಪಟ್ ಎಂದಿತು. ಹಾರದ ಭಾರಕ್ಕೆ ಕತ್ತು ಬಗ್ಗಿಸಿ ನಿಂತಿದ್ದ ನಾನು ತಲೆ ಎತ್ತಿ ನೋಡಿದೆ. ಎತ್ತರದ ಆಸಾಮಿಯೊಬ್ಬ ನನ್ನ ಸಂಗೀತಕ್ಕೆ ಬೆನ್ನು ತೋರಿಸಿ ಊಟದ ಮನೆ ಕಡೆ ನಡೆಯುತ್ತಿದ್ದ.

"ಅದು ನಮ್ಮ ಭಾವ. ಬೇಜಾರ್ ಮಾಡ್ಕೋಬೇಡಿ, ನಮ್ಮನೇಲಿ ಎಲ್ರ ಮದ್ವೇಲೂ ಕೊಡವವ್ರೆ" ಎಂದಳು ಪಕ್ಕದಲ್ಲಿದ್ದ ಹೊಸ ಹೆಂಡತಿ. ಅದು ನನ್ನ ದಾಂಪತ್ಯದ ಮೊದಲ ಸಮಾಧಾನದ ಮಾತು.

ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಜಂಬಗಾರ. ರಾಗವೊಂದರ ಹೆಸರು ಗೊತ್ತಿರಲಿಲ್ಲ, ತಾಳ ಹಾಕಲು ಬರುತ್ತಿರಲಿಲ್ಲ. ಶಾಸ್ತ್ರೀಯ ಸಂಗೀತವನ್ನೆಲ್ಲ ಒಟ್ಟಾಗಿ "ಎಳೆಯೋದು" ಎಂದೂ, ಉಳಿದದ್ದನ್ನೆಲ್ಲ "ಬಡಿಯೋದು" ಎಂದೂ ಕರೆಯುತ್ತಿದ್ದರು. ಆದರೂ ಒಂದು ಕಾರ್ಯಕ್ರಮ ಬಿಡುತ್ತಿರಲಿಲ್ಲ. ಬೀದಿಯಲ್ಲಿ ಫ್ಲೆಕ್ಸ್ ಕಂಡರೆ ಬಸ್ಸು ಹತ್ತಿ ಮಂಡ್ಯಕ್ಕೆ ಬರುವುದು, ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದು, ನನ್ನ ಸ್ಕೂಟರಿನ ಹಿಂದೆ ಕೂರುವುದು. ಕರೆದಿದ್ದಾರೋ ಇಲ್ಲವೋ ಎಂಬ ಸಂಕೋಚ ಅವರಿಗಿರಲಿಲ್ಲ. ನೇರ ಮುಂದಿನ ಸಾಲು. ಪಕ್ಕದಲ್ಲಿ ನಾನು, ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಎಂದು ಯೋಚಿಸುತ್ತಾ.

ಹೀಗೆ ಅವರ ಬಾಲವಾಗಿ ನಾನು ಕೇಳಿದ ಸಂಗೀತಕ್ಕೆ ಲೆಕ್ಕವಿಲ್ಲ. ಕ್ರಮೇಣ ನನಗೂ ಕಣ್ಣು ಬಂತು. ಕಿವಿ ಬಂತು ಎನ್ನಲಾರೆ. ರಾಮನವಮಿಯ ಕಛೇರಿಯನ್ನೇ ತೆಗೆದುಕೊಳ್ಳಿ. ವಿದ್ವಾಂಸರು ಆಲಾಪನೆಗೆ ಕಣ್ಣು ಮುಚ್ಚುತ್ತಾರೆ, ಒಂದು ಕಣ್ಣು ಮಾತ್ರ ಅರ್ಧ ತೆರೆದು ಕೈಗಡಿಯಾರ ನೋಡುತ್ತಿರುತ್ತದೆ. ಮುಂದೆ ಕೂತ ನಿವೃತ್ತ ಅಧಿಕಾರಿಗಳು ತೊಡೆ ಬಡಿದುಕೊಳ್ಳುತ್ತಾರೆ, ಒಬ್ಬರ ತಾಳ ಇನ್ನೊಬ್ಬರಿಗೆ ಸೇರುವುದಿಲ್ಲ, ಇಬ್ಬರದೂ ಮೃದಂಗಕ್ಕೆ ಸೇರುವುದಿಲ್ಲ. ಹಾಡು ಏರುತ್ತಿದೆ ಎನ್ನುವಷ್ಟರಲ್ಲಿ ಮುಖಂಡರೊಬ್ಬರು ದಯಮಾಡಿಸುತ್ತಾರೆ. ಹಾಡು ನಿಲ್ಲುತ್ತದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೋ, ಫೋಟೋ ಸರಿ ಬರಲಿಲ್ಲವೆಂದು ಮತ್ತೆ ಶಾಲು. ಮುಖಂಡರು ಹೋದಮೇಲೆ ವಿದ್ವಾಂಸರು ಬಿಟ್ಟ ಜಾಗದಿಂದಲೇ ಏನೂ ಆಗಿಲ್ಲವೆಂಬಂತೆ ಭಕ್ತಿ ಮುಂದುವರಿಸುತ್ತಾರೆ. ಷಡ್ಡಕರು ಅಂಥ ಕಡೆ ಪೇಟ ತೊಡಿಸುವಾಗಲೇ ಕೊಡವಿಬಿಡುತ್ತಿದ್ದರು.

ಗಜಲ್ ಸಂಜೆಗೂ ಹೋಗಿದ್ದೆವು. ಗಾಯಕ ರೇಷ್ಮೆ ಜುಬ್ಬಾದವನು. ಎರಡು ಸಾಲು ಹಾಡಿ ಅದರ ಅರ್ಥವನ್ನು ಪಾಠದಂತೆ ಬಿಡಿಸಿ ಹೇಳಿ, ತಾನೇ "ವಾಹ್" ಅಂದುಕೊಳ್ಳುತ್ತಿದ್ದ. "ಅಡುಗೆಯವ್ನೇ ಉಂಡು ಅವ್ನೇ ತೇಗ್ತಾ ಅವ್ನಲ್ಲ ಮೇಷ್ಟ್ರೇ, ನಮ್ಗೇನ್ ಕೆಲ್ಸ ಇಲ್ಲಿ?" ಎಂದು ಕೇಳಿ ಷಡ್ಡಕರು ಎದ್ದರು.

ನನ್ನ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕರೆಸಿದ ರಾಕ್ ಬ್ಯಾಂಡಿನದು ಇನ್ನೊಂದು ಕತೆ. ಕೂದಲು ಬಿಟ್ಟ ಹುಡುಗರು. ಬಂದ ಗಳಿಗೆಯಿಂದ "ಮಂಡ್ಯಾ, ಕೇಳಿಸ್ತಿಲ್ಲಾ!" ಎಂದು ಅರಚುತ್ತಿದ್ದರು. ಕೇಳಿಸಬೇಕಾದವರು ನಾವೋ ಅವರೋ ಎಂದು ಯಾರೂ ಕೇಳಲಿಲ್ಲ. ಗಿಟಾರಿನವನು ಮಂಡಿಯೂರಿ, ತಲೆ ಕೊಡವಿ, ಬೆನ್ನ ಮೇಲೆ ಮಲಗಿ ನುಡಿಸುವಾಗ ಗಿಟಾರಿನ ವೈರು ಕಿತ್ತು ಬಂತು. ಸಂಗೀತ ಮಾತ್ರ ನಿಲ್ಲಲಿಲ್ಲ. ಹುಡುಗರು ಕುಣಿಯುತ್ತಲೇ ಇದ್ದರು, ನಮ್ಮ ಪ್ರಿನ್ಸಿಪಾಲರು ತಲೆದೂಗುತ್ತಲೇ ಇದ್ದರು. "ಸೂತ್ರ ಕಿತ್ತೋದ್ರೂ ಪಟ ಹಾರ್ತಾನೇ ಅದಲ್ಲ ಮೇಷ್ಟ್ರೇ!" ಎಂದು ಷಡ್ಡಕರು ನನ್ನ ಕಿವಿಯಲ್ಲಿ ಕೂಗಿದರು. ಆವತ್ತು ಟವೆಲ್ ಕೊಡವಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅದರ ಕೋಪ ಅವರಿಗೆ ಹಲಗೂರು ಮುಟ್ಟುವವರೆಗೂ ಇತ್ತಂತೆ.

ಬೆಸಗರಹಳ್ಳಿಯ ಒಂದು ಮದುವೆಯಲ್ಲಿ ಇಬ್ಬರು ಸ್ಯಾಕ್ಸೊಫೋನಿನವರಲ್ಲಿ ಒಬ್ಬ ಕೆನ್ನೆ ಮಾತ್ರ ಉಬ್ಬಿಸುತ್ತಿದ್ದ, ಊದುತ್ತಿರಲಿಲ್ಲ. ಅದನ್ನೂ ಅವರೇ ಹಿಡಿದದ್ದು.

ಒಮ್ಮೆ ನಾನು ರೇಗಿ ಕೇಳಿದೆ. ಸ್ಕೂಟರ್ ಪಂಕ್ಚರ್ ಆಗಿ ಮದ್ದೂರಿನ ರಸ್ತೆಯ ಬದಿಯಲ್ಲಿ ನಿಂತಿದ್ದೆವು.

"ಅಲ್ಲ ಭಾವ, ಸಂಗೀತದ ಗಂಧಗಾಳಿ ಇಲ್ಲ ನಿಮಗೆ. ಯಾವುದೂ ಹಿಡಿಸೋದಿಲ್ಲ. ಮತ್ತೆ ಯಾಕೆ ಬರ್ತೀರಿ? ಯಾರು ಕೊಟ್ಟರು ನಿಮಗೆ ಈ ಅಧಿಕಾರ?"

ಅವರಿಗೆ ಸಿಟ್ಟು ಬರಲಿಲ್ಲ. "ರಾಗ ನಂಗೆ ಗೊತ್ತಿಲ್ಲ ಕಣ್ರೀ. ಸುಳ್ಯಾಕೆ? ಮ್ವಾಸ ಗೊತ್ತು. ಕಬ್ಬಿನ ಗಾಡಿ ಜೊತೆ ತೂಕದ ಮನೆ ಮುಂದೆ ನಿಂತು ನಿಂತು ಕಲ್ತಿದ್ದು. ಮುಳ್ಳು ನೋಡ್ತಾ ಕುಂತ್ಕಂಡ್ರೆ ಏನೂ ತಿಳಿಯಕಿಲ್ಲ, ತೂಗೋನ ಮಕ ನೋಡ್ಬೇಕು. ನಾನು ಪದ ಯೋಳೋರ ಮಕ ನೋಡ್ತೀನಿ, ಅಷ್ಟೇಯ."

"ಹಾಗಾದರೆ ಎಲ್ಲರೂ ಮೋಸಗಾರರೇ?"

"ಒಂದ್ ಕಡೆನಾದ್ರೂ ದಿಟ ಸಿಕ್ಕಾದಾ ಅಂತ ಬತ್ತೀನಿ. ಟವಲು ಕೊಡವಕ್ಕೆ ನಂಗೇನು ಆಸೆಯಾ?"

ಆಸೆ ಇತ್ತು. ಕೊಡವಿದ ಮೇಲೆ ಅವರ ಮುಖದಲ್ಲಿ ಒಂದು ತೃಪ್ತಿ ಬರುತ್ತಿದ್ದುದನ್ನು ನಾನು ಕಂಡಿದ್ದೆ. ಆದರೆ ಉಳಿದ ಮಾತು ಸುಳ್ಳಲ್ಲ ಎಂದು ಗೊತ್ತಾದದ್ದು ಮಳವಳ್ಳಿಯ ಉರುಸಿನಲ್ಲಿ. ಸಂಜೆಯ ಕವ್ವಾಲಿ. ದರ್ಗಾದ ಮುಂದೆ ಜಮಖಾನ ಹಾಸಿದ್ದರು. ಹಾಡಲು ಬಂದವರು ಗಡ್ಡ ಬೆಳ್ಳಗಾದ ಮುದುಕರು, ಹಿಂದೆ ಚಪ್ಪಾಳೆ ತಟ್ಟಲು ಗಟ್ಟಿಮುಟ್ಟಾದ ನಾಲ್ಕಾರು ಜನ. ಮುದುಕರು ಒಂದು ಎತ್ತರದ ಸ್ವರಕ್ಕೆ ಕೈ ಎತ್ತಿದರು. ದನಿ ಹೋಗಲಿಲ್ಲ, ಒಡೆಯಿತು. ಹಿಂದಿನವರು ತಕ್ಷಣ ಜೋರಾಗಿ ಎತ್ತಿಕೊಂಡು ಮುಚ್ಚಲು ನೋಡಿದರು. ಅದನ್ನು ಮುಚ್ಚುವುದೇ ಅವರ ಕೆಲಸ. ಮುದುಕರು ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿದರು. ಹಾರ್ಮೋನಿಯಂ ಮುಚ್ಚಿದರು. "ಗಂಟಲು ಇವತ್ತು ಇಲ್ಲ. ಇಲ್ಲದ್ದನ್ನು ಇದೆ ಅಂತ ಹಾಡೋಕಾಗಲ್ಲ. ಮಾಫ್ ಮಾಡಿ" ಎಂದು ಕೈ ಮುಗಿದು ಕೆಳಗಿಳಿದರು. ಜನ ಗೊಣಗಿದರು. ದುಡ್ಡು ಕೊಟ್ಟು ಕರೆಸಿದ್ದು ಯಾಕೆ ಎಂದರು.

ನಾನು ಷಡ್ಡಕರ ಕಡೆ ನೋಡಿದೆ. ಎದ್ದು ನಿಂತಿದ್ದರು. ಈಗ ಕೊಡವುತ್ತಾರೆ ಎಂದುಕೊಂಡೆ. ಟವೆಲ್ಲನ್ನು ನಿಧಾನವಾಗಿ ಹೆಗಲಿಂದ ತೆಗೆದು, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡರು. ನಮ್ಮ ಕಡೆ ಹಿರಿಯರ ಮುಂದೆ, ದೇವರ ಮುಂದೆ ಹೆಗಲ ಬಟ್ಟೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಮುದುಕರು ಹಾದುಹೋಗುವವರೆಗೂ ಹಾಗೇ ಕೈ ಮುಗಿದು ನಿಂತಿದ್ದರು. ಇಷ್ಟು ವರ್ಷ ಕೇಳಿದ ಸಂಗೀತದಲ್ಲಿ ಇವರು ಗೌರವ ಕೊಟ್ಟದ್ದು ಹಾಡು ನಿಲ್ಲಿಸಿದ ಒಬ್ಬರಿಗೆ. ಎಂಥ ವಿಚಿತ್ರ ಪ್ರಾಣಿಗೆ ನಾನು ಗಂಟುಬಿದ್ದಿದ್ದೇನೆ ಎನ್ನಿಸಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ಅವಳು ಫೋನಿನಲ್ಲಿ ಅಕ್ಕನಿಗೆ ಹೇಳಿದಳು. ಅಕ್ಕ ಅದನ್ನು ಎರಡು ಸಲ ಹೇಳಿಸಿಕೊಂಡರಂತೆ.

ಅಕ್ಕ ಎಂದರೆ ಷಡ್ಡಕರ ಹೆಂಡತಿ. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಆ ಟವೆಲ್ಲಿಗೆ ಗಂಜಿ ಹಾಕುತ್ತಿದ್ದವರು ಅವರು. ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ, ಸೋಸಿ, ಅದ್ದಿ, ಎರಡು ಕಡೆ ಎಳೆದು ನೆರಳಲ್ಲಿ ಒಣಗಿಸುತ್ತಿದ್ದರು. "ಬಿಸ್ಲಿಗಾಕಿದ್ರೆ ಸದ್ದು ಒಡೀತದೆ" ಎನ್ನುತ್ತಿದ್ದರು. ಗಂಡನ ತಿರಸ್ಕಾರಕ್ಕೆ ಮೊನಚು ಹಿಡಿದುಕೊಡುವುದು ಅವರ ಸಂಸಾರದ ಕೆಲಸಗಳಲ್ಲಿ ಒಂದಾಗಿತ್ತು.

ಮಕ್ಕಳ ಮದುವೆಗಳೆಲ್ಲ ಮುಗಿದಮೇಲೆ ಅಕ್ಕ ಹಲಗೂರಿನ ಹೆಂಗಸರ ಭಜನಾ ಮಂಡಳಿಗೆ ಸೇರಿದರು. ಚಿಕ್ಕಂದಿನಿಂದ ಹಾಡುವ ಆಸೆಯಂತೆ. ಅವರ ತಾಯಿ ಹೇಳಿಕೊಟ್ಟ ಒಂದು ಪದ ಇತ್ತು, ಮುತ್ತತ್ತಿಯ ಹನುಮಪ್ಪನ ಮೇಲೆ. ಸೀತಮ್ಮನ ಮೂಗುತಿ ಕಾವೇರಿಯಲ್ಲಿ ಬಿದ್ದುಹೋಗುತ್ತದೆ, ಹನುಮಪ್ಪ ಮಡುವಿಗೆ ಧುಮುಕಿ ಹುಡುಕಿ ತರುತ್ತಾನೆ. ಧುಮುಕಿದ ಮೇಲೆ ಮೂಗುತಿ ಹಿಡಿದು ಮೇಲೆ ಬರುವವರೆಗಿನದು ಒಂದೇ ಉದ್ದನೆಯ ಸಾಲು. ಅದನ್ನು ಒಂದೇ ಉಸಿರಲ್ಲಿ ಹೇಳಬೇಕು ಎಂಬುದು ತಾಯಿಯ ಕಟ್ಟಪ್ಪಣೆ. ದೇವರು ನೀರೊಳಗಿರುವಾಗ ಹೇಳುವವರು ಉಸಿರು ತೆಗೆದುಕೊಂಡರೆ ಹೇಗೆ?

ಅಡುಗೆಮನೆಯಲ್ಲಿ ಅಕ್ಕ ಆ ಸಾಲನ್ನು ಅಭ್ಯಾಸ ಮಾಡುತ್ತಿದ್ದರು. ಹಜಾರದಲ್ಲಿ ಷಡ್ಡಕರು ಪೇಪರ್ ಓದುತ್ತಿದ್ದರು. ಚೆನ್ನಾಗಿದೆ ಎಂದವರಲ್ಲ, ಇಲ್ಲ ಎಂದವರಲ್ಲ.

"ಭಾವ ಏನಂತಾರಕ್ಕ?" ಎಂದು ನಾನೇ ಒಮ್ಮೆ ಕೇಳಿದೆ.

"ಮನೇಲಿ ಅಂದದ್ದಕ್ಕೆ ಏನ್ ಬೆಲೆ ಬುಡಿ. ಒಂದ್ಸಲ ಸ್ಟೇಜ್ ಮೇಲೆ ಕುಂತು ಯೋಳ್ಬೇಕು, ಅವ್ರು ಮುಂದ್ಗಡೆ ಕುಂತಿರ್ಬೇಕು, ಹೆಗಲ ಮೇಲೆ ಟವಲು ಇರ್ಬೇಕು, ಪದ ಮುಗಿಯೋಗಂಟ ಅದು ಅಲ್ಲಾಡ್ಬಾರ್ದು. ಆ ಸಾಬ್ರಿಗೆ ಕಂಕುಳಲ್ಲಿ ಇಟ್ಕಂಡ್ರಂತಲ್ಲ, ನಂಗೆ ಅಷ್ಟು ಬ್ಯಾಡ. ಹೆಗಲ ಮ್ಯಾಲಿದ್ರೆ ಸಾಕು."

ಇಷ್ಟು ಹೇಳಿ, ಜಾಸ್ತಿ ಕೇಳಿಬಿಟ್ಟೆನೇನೋ ಎಂಬಂತೆ ಒಳಗೆ ಹೋದರು. ನನಗೆ ಷಡ್ಡಕರ ಮೇಲೆ ಇದ್ದ ಅಸಹನೆ ಇಮ್ಮಡಿಯಾಯಿತು. ಇಡೀ ತಾಲ್ಲೂಕಿನ ಮುಂದೆ ಮೆರೆಯುವ ಮನುಷ್ಯ ಮನೆಯ ಹೆಂಗಸಿಗೆ ಒಂದು ಒಳ್ಳೆಯ ಮಾತು ಆಡದಿದ್ದರೆ ಅದೆಂಥ ದಿಟದ ಹುಡುಕಾಟ?

ಮಂಡಳಿಯ ವಾರ್ಷಿಕೋತ್ಸವ ಮಳವಳ್ಳಿಯ ಒಂದು ಸಭಾಂಗಣದಲ್ಲಿ ನಡೆಯಿತು. ಹೊತ್ತು ಮಧ್ಯಾಹ್ನ. ಸಮವಸ್ತ್ರದ ಸೀರೆಯುಟ್ಟ ಹೆಂಗಸರು ವೇದಿಕೆಯ ಮೇಲೆ ಸಾಲಾಗಿ ಕೂತರು. ನಾನು, ನನ್ನ ಹೆಂಡತಿ ಮುಂದಿನ ಸಾಲಿನಲ್ಲಿದ್ದೆವು. ನಿರೂಪಕಿ ಎಲ್ಲರನ್ನೂ ಕೋಗಿಲೆ ಎಂದು ಕರೆಯುತ್ತಿದ್ದಳು. ಅಕ್ಕನ ಸರದಿ ಬರುವ ಹೊತ್ತಿಗೆ ಷಡ್ಡಕರು ಬಂದರು. ಬಂದವರನ್ನು ನೋಡಿ ನನಗೆ ದಿಗಿಲಾಯಿತು. ಬಿಳಿ ಅಂಗಿ, ಬಿಳಿ ಪಂಚೆ, ಎಡಹೆಗಲು ಬೋಳು. ಟವೆಲ್ ಇಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಕುಗ್ಗಿದವರಂತೆ ಕಂಡರು. ಬಂದು ನನ್ನ ಪಕ್ಕ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

"ಟವೆಲ್ ಎಲ್ಲಿ?" ಎಂದೆ.

"ಮನೇಲಿ ಬುಟ್ಟು ಬಂದೆ. ಕೈ ಸುಮ್ಕಿರಕಿಲ್ಲ ಮೇಷ್ಟ್ರೇ. ಅಭ್ಯಾಸ ಆಗೋಗದೆ." ದನಿ ತಗ್ಗಿಸಿ ಹೇಳಿದರು. "ಅವ್ಳ್ ಮುಂದೆ ಯಂಗೆ ಕೊಡವ್ಲಿ?"

ಮೊದಲ ಬಾರಿಗೆ ಆ ಮನುಷ್ಯನ ಮೇಲೆ ನನಗೆ ಮರುಕ ಬಂತು. ಒಳ್ಳೆಯವರೇ ಎನ್ನಿಸಿತು. ವೇದಿಕೆಯ ಮೇಲೆ ಅಕ್ಕನಿಗೆ ಹಾಗನ್ನಿಸಲಿಲ್ಲ. ಹಾರ್ಮೋನಿಯಂ ಶ್ರುತಿ ಹಿಡಿದಿತ್ತು, ಅಕ್ಕ ಬಾಯಿ ತೆರೆದಿದ್ದರು, ಆಗ ಅವರ ಕಣ್ಣು ಗಂಡನ ಹೆಗಲಿಗೆ ಬಿತ್ತು. ಬಾಯಿ ಮುಚ್ಚಿದರು. ಮೈಕನ್ನು ಹತ್ತಿರ ಎಳೆದುಕೊಂಡರು.

"ಟವಲು ಎಲ್ರೀ?"

ಸಭೆಗೆ ಏನೂ ಅರ್ಥವಾಗಲಿಲ್ಲ. ಷಡ್ಡಕರಿಗೆ ಅರ್ಥವಾಯಿತು, ತಲೆ ತಗ್ಗಿಸಿದರು.

"ನಿನ್ನೆ ಗಂಜಿ ಹಾಕಿ ಮಡಿಸಿ ಕುರ್ಚಿ ಮೇಲೆ ಮಡಗಿ ಬಂದಿದ್ದೆ. ಬುಟ್ಟು ಬಂದಿದೀರಲ್ಲ, ನಾನೇನು ಭಿಕ್ಷೆ ಕೇಳ್ದ್ನಾ? ಎಲ್ರಿಗೂ ಒಂದು, ನಂಗೊಂದಾ? ಯಾರಾದ್ರೂ ಆ ಯಜಮಾನ್ರಿಗೆ ಒಂದು ಟವಲು ಕೊಡ್ರಪ್ಪ. ಅಲ್ಲೀಗಂಟ ನಾನು ಪದ ಯೋಳಕಿಲ್ಲ."

ಸಂಘಟಕರೊಬ್ಬರು ಗಾಬರಿಯಿಂದ ಸನ್ಮಾನದ ಶಾಲೊಂದನ್ನು ತಂದು ಷಡ್ಡಕರಿಗೆ ಹೊದಿಸಲು ಹೋದರು. ನಿರೂಪಕಿ ಚಪ್ಪಾಳೆ ತಟ್ಟಿರೆಂದಳು, ಕೆಲವರು ತಟ್ಟಿಯೂಬಿಟ್ಟರು. ಈ ಜನ ಸನ್ಮಾನ ಎಂದರೆ ಯಾರಿಗೆ, ಯಾಕೆ ಎಂದೂ ಕೇಳುವವರಲ್ಲ. "ಶಾಲು ಬ್ಯಾಡ, ಟವಲು!" ಎಂದು ಅಕ್ಕ ಮೈಕಿನಲ್ಲಿ ಗದರಿದರು. ಕೊನೆಗೆ ಹಿಂದಿನ ಸಾಲಿನ ಒಬ್ಬ ವಯಸ್ಸಾದ ರೈತರು ತಮ್ಮ ಹೆಗಲಿನದನ್ನು ತೆಗೆದು ಕೈಯಿಂದ ಕೈಗೆ ದಾಟಿಸಿದರು. ಷಡ್ಡಕರು ಅದನ್ನು ಹೆಗಲಿಗೆ ಹಾಕಿಕೊಂಡರು. ಅಕ್ಕ ಒಮ್ಮೆ ನೋಡಿ, ಸರಿ ಎಂಬಂತೆ ತಲೆ ಆಡಿಸಿ ಶುರು ಮಾಡಿದರು.

ಚೆನ್ನಾಗಿಯೇ ಹಾಡಿದರು. ಸ್ವಲ್ಪ ಒರಟು ದನಿ, ಆದರೆ ನಿಂತ ದನಿ. ಸೀತಮ್ಮ ನೀರಿಗೆ ಬಗ್ಗಿದಳು, ಮೂಗುತಿ ಜಾರಿತು, ಹನುಮಪ್ಪ ಬಂದ. ನಾನು ಕಣ್ಣಂಚಿನಲ್ಲಿ ಆ ಹೆಗಲನ್ನೇ ನೋಡುತ್ತಿದ್ದೆ. ಧುಮುಕುವ ಸಾಲು ಬಂತು. ಅಕ್ಕ ಎತ್ತಿಕೊಂಡರು, ಹಿಂದಿನ ಹೆಂಗಸರು ಜೊತೆಗೂಡಿದರು. ಸಾಲು ಎಲ್ಲೂ ಕಡಿಯದೆ ಕೊನೆ ಮುಟ್ಟುತ್ತಿತ್ತು. ಗೆದ್ದರು ಎಂದುಕೊಂಡು ನಾನು ಚಪ್ಪಾಳೆಗೆ ಕೈ ಎತ್ತಿದೆ.

ಪಟ್.

ಬೇರೆಯವರ ಟವೆಲ್, ಗಂಜಿ ಇಲ್ಲದ್ದು. ಸದ್ದು ಮೆತ್ತಗೆ ಬಂತು. ಆದರೂ ಬಂತು. ಷಡ್ಡಕರು ಎದ್ದು, ಟವೆಲ್ಲನ್ನು ಅದರ ಯಜಮಾನರಿಗೆ ಕೊಟ್ಟು, ಬಾಗಿಲು ದಾಟಿ ಹೊರಟುಹೋದರು. ಸಭೆ ಛೀ ಎಂದಿತು. ನಾನೂ ಅಂದೆ. ಅಕ್ಕ ಪದ ಪೂರ್ತಿ ಮುಗಿಸಿ, ಕೊಟ್ಟ ನೆನಪಿನ ಕಾಣಿಕೆ ತೆಗೆದುಕೊಂಡು ಇಳಿದು ಬಂದರು.

ಅವತ್ತು ನಾವು ಅವರ ಜೊತೆಗೇ ಹಲಗೂರಿಗೆ ಹೋದೆವು. ಷಡ್ಡಕರ ಮುಖಕ್ಕೆ ನಾಲ್ಕು ಮಾತು ಎಸೆಯಬೇಕೆಂದು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಹೇಳಲು ಅವಕಾಶ ಸಿಗಲಿಲ್ಲ. ಅಕ್ಕ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಗಂಡನ ಎದುರು ಕೂತರು.

"ಎಲ್ಲಿ ಗೊತ್ತಾಯ್ತು?"

"ನೀರಿಗೆ ಬಿದ್ದ ಮ್ಯಾಲೆ. ಅರ್ಧದಲ್ಲಿ ನೀನು ನಿಲ್ಸ್‌ಬುಟ್ಟೆ. ಬರೀ ತುಟಿ ಆಡಿಸ್ದೆ. ಹಿಂದಿನೋರು ಎಳ್ಕಂಡ್ ಹೋದ್ರು."

"ಯಾರಿಗೂ ಗೊತ್ತಾಗ್ಲಿಲ್ಲ."

"ನಿನ್ ಕತ್ತಿನ ನರ ಇಳೀತು. ಪದ ಯೋಳುವಾಗ ಅದು ಎದ್ದಿರ್ತದೆ. ಅಡುಗೆ ಮನೇಲೂ ಅಷ್ಟೇಯ."

ಅಕ್ಕ ಕತ್ತು ಮುಟ್ಟಿ ನೋಡಿಕೊಂಡರು. ಪೇಪರ್ ಓದುತ್ತಿದ್ದ ಮನುಷ್ಯ ಪೇಪರ್ ಓದುತ್ತಿರಲಿಲ್ಲ ಎಂದು ಅವರಿಗೆ ಆಗ ತಿಳಿದಿರಬೇಕು. ಅಳುತ್ತಾರೆ ಎಂದುಕೊಂಡೆ. ನಕ್ಕುಬಿಟ್ಟರು. "ಉಸ್ರು ಸಾಲ್ದು ಕಣ್ರೀ. ವಯಸ್ಸಾಯ್ತಲ್ಲ" ಎಂದರು.

"ಸಾಲ್ದಿದ್ರೆ ನಿಲ್ಸು. ಮುಚ್ಬ್ಯಾಡ" ಎಂದು ಷಡ್ಡಕರು ಮುದ್ದೆ ಮುರಿದರು. ಅಲ್ಲಿಂದ ಮುಂದೆ ಅವರನ್ನು ಕಂಡರೆ ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಷಡ್ಡಕರು ಹೋದದ್ದು ಹೃದಯದ ತೊಂದರೆಯಿಂದ. ಮಂಡ್ಯದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ವಾರ್ಡಿನ ಟೀವಿಯಲ್ಲಿ ಯಾವಾಗಲೂ ಮಕ್ಕಳ ಹಾಡಿನ ಸ್ಪರ್ಧೆ. ಹಾಡು ಮುಗಿಯುವ ಮೊದಲೇ ತೀರ್ಪುಗಾರರು ಕಣ್ಣೊರೆಸಿಕೊಂಡು, ಕುರ್ಚಿಯ ಮೇಲೆ ಹತ್ತಿ ನಿಂತು, ನಿನ್ನಂಥವಳು ಹುಟ್ಟಿಲ್ಲ ಎನ್ನುತ್ತಿದ್ದರು. ಪ್ರತಿಯೊಬ್ಬಳಿಗೂ ಅದನ್ನೇ ಎನ್ನುತ್ತಿದ್ದರು. ನಾನು ಎಳನೀರು ಹಿಡಿದುಕೊಂಡು ಹೋದಾಗ ಷಡ್ಡಕರು ಹೊದ್ದ ದುಪ್ಪಟಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಟೀವಿಯ ಕಡೆಗೆ ಸಣ್ಣಗೆ ಕೊಡವಿದರು. ಸದ್ದು ಬರಲಿಲ್ಲ. "ಎದ್ದೋಗಕ್ಕೂ ಆಗದಂಗೆ ಕಟ್ಟಾಕವ್ರೆ ನೋಡಿ" ಎಂದರು. ಅದಾದ ಮೇಲೆ ಅವರ ಬಾಯಿಂದ ನಾನು ಮಾತು ಕೇಳಲಿಲ್ಲ.

ತಿಥಿಯ ದಿನ ಮನೆಯ ಮುಂದೆ ಪೆಂಡಾಲ್. ಅಳಿಯಂದಿರು ಮುತುವರ್ಜಿಯಿಂದ ಭಕ್ತಿಗೀತೆಯ ತಂಡವೊಂದನ್ನು ಕರೆಸಿದ್ದರು. ಸತ್ತವರಿಗೆ ಸಂಗೀತ ಎಂದರೆ ಪ್ರಾಣವಂತೆ, ಹಾಗೆಂದು ಯಾರೋ ಅವರಿಗೆ ಹೇಳಿದ್ದರು. ಆಳೆತ್ತರದ ಸ್ಪೀಕರುಗಳು. ಹಾಡುಗಾರ ಕಣ್ಣು ಮುಚ್ಚಿ, ಎದೆ ಮುಟ್ಟಿಕೊಂಡು, ಕೈ ಮೇಲೆತ್ತಿ ವೈರಾಗ್ಯದ ಹಾಡು ಹೇಳುತ್ತಿದ್ದ. ನಡುವೆ ನೀರು ಕುಡಿದ. ಕುಡಿಯುವಾಗಲೂ ಹಾಡು ಕೇಳುತ್ತಲೇ ಇತ್ತು. ಎಲೆಯ ಮುಂದೆ ಕೂತಿದ್ದ ನೆಂಟರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ, ಪಲ್ಯ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಫೋಟೋದೊಳಗಿನ ಷಡ್ಡಕರು ಎದ್ದು ಹೋಗಲಾಗದೆ ಕೂತಿದ್ದರು.

ಅಕ್ಕ ಒಳಗಿನಿಂದ ಬಂದರು. ಫೋಟೋದ ಪಕ್ಕದ ಕುರ್ಚಿಯ ಮೇಲೆ ಆ ಹಸಿರು ಅಂಚಿನ ಟವೆಲ್ ಮಡಿಸಿ ಇಟ್ಟಿತ್ತು. ಹೊಸದಾಗಿ ಗಂಜಿ ಹಾಕಿದ್ದರು. ಅದನ್ನು ಎತ್ತಿಕೊಂಡು, ಹಾಡುಗಾರನ ಎದುರಿಗೆ ಹೋಗಿ ನಿಂತು, ಎರಡೂ ಕೈಯಲ್ಲಿ ಹಿಡಿದು ಕೊಡವಿದರು.

ಪಟ್ ಎಂದಿತು. ಸ್ಪೀಕರುಗಳನ್ನೂ ಮೀರಿ ಕೇಳಿತು. ಕೀಬೋರ್ಡಿನವನು ಹಳಬ, ಮದ್ದೂರಿನವನು. ಆ ಸದ್ದನ್ನು ಹಿಂದೆ ಎಲ್ಲೆಲ್ಲಿ ಕೇಳಿದ್ದನೋ, ಯಾರೂ ಹೇಳದೆಯೇ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದ. ಹಾಡುಗಾರನ ತುಟಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು.

ಅಕ್ಕ ನನ್ನ ಹತ್ತಿರ ಬಂದು ಟವೆಲ್ಲನ್ನು ಮತ್ತೆ ಮಡಿಸಿ ನನ್ನ ಎಡಹೆಗಲ ಮೇಲೆ ಹಾಕಿದರು. "ಮುಂದ್ಗಡೆ ಕುಂತ್ಕಳಿ ಮೇಷ್ಟ್ರೇ" ಎಂದರು. ನಾನು ಫೋಟೋದ ಎದುರು ಕೂತೆ. ಅಕ್ಕ ನೆಲದ ಮೇಲೆ ಕೂತು ಹನುಮಪ್ಪನ ಪದ ಎತ್ತಿಕೊಂಡರು. "ಗಂಡ ಸತ್ತು ಇನ್ನೂ ತಿಥಿ ಮುಗಿದಿಲ್ಲ, ಪದ ಯೋಳ್ತಾ ಅವ್ಳಲ್ಲಮ್ಮ" ಎಂದು ಯಾವಳೋ ನೆಂಟಳು ಎಲೆಯಿಂದ ಮುಖ ಎತ್ತಿ ಪಿಸುಗುಟ್ಟಿದಳು. ಮಂಡಳಿಯ ಹೆಂಗಸರು ಕೈ ತೊಳೆದುಕೊಂಡು ಬಂದು ಅಕ್ಕನ ಹಿಂದೆ ಕೂತರು.

ಸೀತಮ್ಮ ಬಗ್ಗಿದಳು. ಮೂಗುತಿ ಜಾರಿತು. ಹನುಮಪ್ಪ ಧುಮುಕಿದ. ನಾನು ಅಕ್ಕನ ಕತ್ತಿನ ನರವನ್ನೇ ನೋಡುತ್ತಿದ್ದೆ. ಎದ್ದು ನಿಂತಿತ್ತು. ಸಾಲು ಅರ್ಧ ದಾಟಿತು, ಇನ್ನೂ ಸ್ವಲ್ಪ ಹೋಯಿತು, ದನಿ ನಡುಗಿತು, ಉಸಿರು ಮುಗಿಯಿತು. ಹಿಂದಿನ ಹೆಂಗಸರು ಎತ್ತಿಕೊಳ್ಳಲು ಬಾಯಿ ತೆರೆದರು. ಅಕ್ಕ ಹಿಂದಕ್ಕೆ ನೋಡದೆಯೇ ಕೈ ಅಡ್ಡ ಹಿಡಿದರು. ಅವರು ಸುಮ್ಮನಾದರು.

"ಉಸ್ರು ಸಾಲ್ದು" ಎಂದರು ಅಕ್ಕ, ಫೋಟೋದ ಕಡೆ ನೋಡುತ್ತಾ. "ಇಲ್ಲಿಗೇ ನಿಲ್ಸ್ತೀನಿ ಕಣ್ರೀ."

ನಾನು ಎದ್ದು ನಿಂತಿದ್ದೆ, ಯಾವಾಗ ಎದ್ದೆನೋ ತಿಳಿಯದು. 'ಬೋಳೆಗಲ ಮೇಷ್ಟ್ರು' ಎಂದು ಷಡ್ಡಕರು ಕರೆದ ಹಾಗಾಯಿತು. ಎಡಹೆಗಲು ಮುಟ್ಟಿ ನೋಡಿಕೊಂಡೆ. ಟವೆಲ್ ಅಲ್ಲಿರಲಿಲ್ಲ, ಕಂಕುಳಲ್ಲಿತ್ತು.